ಯಜಮಾನಿಕೆ ಹೋಯಿತು, ಹಿಡಿತ ಉಳಿಯಿತು

ನಮಗೆ ಪರಿಚಿತರಾದ ನಿವೃತ್ತ ಅಧ್ಯಾಪಕರೊಬ್ಬರ ಮನೆಯಲ್ಲಿ ಕೆಲವು ವರ್ಷಗಳ ಹಿಂದೆ ಒಂದು ನಿಯಮ ಜಾರಿಯಲ್ಲಿತ್ತು. ರಾತ್ರಿ ಊಟಕ್ಕೆ ಕುಳಿತಾಗ ಯಾರ ಬಾಯಿಂದಾದರೂ ಮಲಯಾಳದ ಶಬ್ದವೊಂದು ಹೊರಬಿದ್ದರೆ ಒಂದು ರೂಪಾಯಿ ದಂಡ. ದಂಡದ ಹಣ ಹಾಕುವುದಕ್ಕೆಂದು ಗೋಡೆಯ ಗೂಡಿನಲ್ಲಿ ಹಳೆಯ ಹಾರ್ಲಿಕ್ಸ್ ಬಾಟಲಿಯೊಂದನ್ನು ಇಟ್ಟಿದ್ದರು. ಮಾಸ್ತರರು ಮೂವತ್ತಕ್ಕೂ ಹೆಚ್ಚು ವರ್ಷ ಕನ್ನಡ ಕಲಿಸಿದವರು, ಕನ್ನಡಕ್ಕಾಗಿ ಬಿಸಿಲಲ್ಲಿ ಮೆರವಣಿಗೆ ಹೋದವರು. ಅವರ ಮನೆಮಾತು ತುಳು. ತುಳುವಿಗೆ ದಂಡವಿರಲಿಲ್ಲ.

ದಂಡ ತೆರುತ್ತಿದ್ದವನು ಹೆಚ್ಚಾಗಿ ಮೊಮ್ಮಗನೇ. ಆಗ ಎಂಟನೆಯ ತರಗತಿಯಲ್ಲಿದ್ದ. ಶಾಲೆಯ ಗೆಳೆಯರೆಲ್ಲ ಮಲಯಾಳ ಮಾತಾಡುವವರು. ಮೊದಲ ತಿಂಗಳು ಬಾಟಲಿಗೆ ಇಪ್ಪತ್ತೇಳು ರೂಪಾಯಿ ಬಿತ್ತು. ಎರಡನೆಯ ತಿಂಗಳು ಮೂರು ರೂಪಾಯಿ. ಮೂರನೆಯ ತಿಂಗಳು ಏನೂ ಇಲ್ಲ. “ನೋಡಿ, ಶಿಸ್ತು ಎಂದರೆ ಹೀಗೆ” ಎಂದು ಮಾಸ್ತರರು ನಮ್ಮೊಡನೆ ಹೆಮ್ಮೆಯಿಂದ ಹೇಳಿದರು. ಚಾ ತಂದಿಟ್ಟ ಸೊಸೆ ಆಗ ಏನೂ ಹೇಳಲಿಲ್ಲ. ನಾವು ಹೊರಟು ಅಂಗಳಕ್ಕಿಳಿದಾಗ ಮೆಲ್ಲನೆ ಹೇಳಿದಳು: “ಅವ ಮಲಯಾಳ ಬಿಟ್ಟದ್ದಲ್ಲ ಅಣ್ಣ. ಊಟಕ್ಕೆ ಕೂತಲ್ಲಿ ಮಾತೇ ಬಿಟ್ಟಿದ್ದಾನೆ.”

ಬಸ್ಸಿಗೆ ಕಾಯುವಾಗಲೂ, ಬಸ್ಸಿನಲ್ಲಿ ಕುಳಿತ ಮೇಲೂ ಆ ಮಾತು ನಮ್ಮನ್ನು ಬಿಡಲಿಲ್ಲ. ಮಾಸ್ತರರದು ದುರುದ್ದೇಶವೇ? ಖಂಡಿತ ಅಲ್ಲ. ಮೊಮ್ಮಗನ ಮೇಲೆ ಪ್ರೀತಿ ಇಲ್ಲವೇ? ಇತ್ತು, ಬೇಕಾದಷ್ಟು ಇತ್ತು. ಉದ್ದೇಶವೂ ಒಳ್ಳೆಯದು, ಪ್ರೀತಿಯೂ ನಿಜ. ಹಾಗಿದ್ದೂ ಆ ಊಟದ ಮನೆಯಲ್ಲಿ ಕನ್ನಡ ಬೆಳೆಯಲಿಲ್ಲ, ಮೌನ ಬೆಳೆಯಿತು. ಕಾಯುವುದಕ್ಕೆಂದು ಚಾಚಿದ ಕೈ ಯಾವಾಗ ಹಿಡಿತವಾಗುತ್ತದೆ ಎಂಬ ವಿಚಾರವನ್ನು ಇಂದು ವಾಚಕರೊಡನೆ ಹಂಚಿಕೊಳ್ಳಬೇಕೆಂದಿದ್ದೇವೆ. ಈ ವಿಚಾರದಲ್ಲಿ ನಾವೂ ತಪ್ಪಿತಸ್ಥರೇ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ.

ನಮ್ಮನ್ನು ಕೇಳದೆ ಮಾಡಿದರು

ಕಾಸರಗೋಡಿನ ಕನ್ನಡಿಗರ ಹಳೆಯ ದೂರು ಯಾವುದು? 1956ರ ನವಂಬರ 1ರಂದು ನಮ್ಮ ತಾಲೂಕು ಕೇರಳಕ್ಕೆ ಸೇರಿತು. ನಮ್ಮನ್ನು ಕೇಳದೆ ಮಾಡಿದರು ಎಂದು ಹಿರಿಯರು ಹೇಳುತ್ತ ಬಂದರು. ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಅಂದಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು 1967ರಲ್ಲಿ ಮಹಾಜನ ಆಯೋಗ ಮಾಡಿದ ಶಿಫಾರಸು ಕಾಗದದಲ್ಲೇ ಉಳಿಯಿತು. 1984ರ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಕಚೇರಿಗಳು ಹತ್ತಿರ ಬಂದವು, ಕಚೇರಿಯ ಭಾಷೆ ಬದಲಾಗಲಿಲ್ಲ. ನಮ್ಮ ಮಕ್ಕಳು ಯಾವ ಭಾಷೆಯಲ್ಲಿ ಕಲಿಯಬೇಕು, ನಮಗೆ ಬರುವ ನೋಟೀಸು ಯಾವ ಭಾಷೆಯಲ್ಲಿರಬೇಕು ಎಂಬುದನ್ನು ನಮ್ಮ ಬದುಕು ಅರಿಯದವರು ತೀರ್ಮಾನಿಸುತ್ತಾರೆ ಎಂಬ ನೋವು ನಮ್ಮಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತರೆಂಬ ಭೇದವಿಲ್ಲದೆ ಎಲ್ಲರಿಗೂ ಗೊತ್ತು.

ಈ ನೋವಿಗೆ ಕಾನೂನಿನ ಬೆಂಬಲವೂ ಇದೆ. ಸ್ವಂತ ಭಾಷೆ, ಲಿಪಿ, ಸಂಸ್ಕೃತಿಗಳನ್ನು ಉಳಿಸಿಕೊಳ್ಳುವ ಹಕ್ಕನ್ನು ಸಂವಿಧಾನದ 29ನೆಯ ವಿಧಿ ಕೊಟ್ಟಿದೆ. ನಾವು ಕೇರಳಕ್ಕೆ ಸೇರಿದ ಅದೇ 1956ರ ನವಂಬರ 1ರಂದು ಜಾರಿಗೆ ಬಂದ ಏಳನೆಯ ತಿದ್ದುಪಡಿಯಲ್ಲಿ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಲು ರಾಜ್ಯಗಳು ಯತ್ನಿಸಬೇಕೆಂದು ಅದು ಹೇಳುತ್ತದೆ. ಈ ಹಕ್ಕುಗಳಿಗಾಗಿ ಹೋರಾಡಬೇಕಾದದ್ದೇ. ಅದರಲ್ಲಿ ಎರಡು ಮಾತಿಲ್ಲ.

ಆದರೆ ನಮ್ಮ ಮನೆಯೊಳಗೆ ನಾವು ಯಾರನ್ನು ಕೇಳಿ ತೀರ್ಮಾನ ಮಾಡುತ್ತೇವೆ? ಮಗಳು ಯಾವ ಕೋರ್ಸು ಓದಬೇಕೆಂದು ಮಗಳನ್ನು ಕೇಳಿದ್ದೇವೆಯೇ? ಸೊಸೆ ಕೆಲಸಕ್ಕೆ ಹೋಗಬೇಕೇ ಬೇಡವೇ ಎಂಬುದನ್ನು ಜಗಲಿಯಲ್ಲಿ ಗಂಡಸರು ಕುಳಿತು ನಿರ್ಣಯಿಸುವಾಗ ಸೊಸೆ ಎಲ್ಲಿರುತ್ತಾಳೆ? ಸರಕಾರ ನಮಗೆ ಮಾಡಿತೆಂದು ನಾವು ದೂರುವ ಕೆಲಸವನ್ನೇ ನಾವು ನಮ್ಮವರಿಗೆ ಮಾಡುತ್ತಿಲ್ಲವೇ? ಕೇಳದೆ ಮಾಡಿದ ತೀರ್ಮಾನ ಎಷ್ಟು ಸರಿಯಾಗಿದ್ದರೂ ಎದೆಯಲ್ಲಿ ಮುಳ್ಳಾಗಿ ಉಳಿಯುತ್ತದೆ ಎಂಬುದನ್ನು ನಮಗಿಂತ ಚೆನ್ನಾಗಿ ಬಲ್ಲವರು ಯಾರು?

ಯಜಮಾನನ ಕುರ್ಚಿ

ಈ ಅಭ್ಯಾಸಕ್ಕೆ ನಮ್ಮ ನೆಲದಲ್ಲಿ ಆಳವಾದ ಬೇರಿದೆ. ನಮ್ಮ ಕಡೆಯ ಬಂಟ, ಬಿಲ್ಲವ ಮೊದಲಾದ ಸಮುದಾಯಗಳದು ಅಳಿಯಸಂತಾನ ಕಟ್ಟು. ಬ್ರಾಹ್ಮಣರು ಮತ್ತಿತರ ಕೆಲವರದು ಮಕ್ಕಳಕಟ್ಟು. ಅಳಿಯಸಂತಾನದಲ್ಲಿ ಆಸ್ತಿ ತಾಯಿಯ ಸಂತತಿಯಲ್ಲಿ ಇಳಿಯುತ್ತಿತ್ತಾದರೂ ಅದರ ಆಡಳಿತ ಮನೆತನದ ಹಿರಿಯನಾದ ಯಜಮಾನನ ಕೈಯಲ್ಲಿರುತ್ತಿತ್ತು. ಕೆಲವೆಡೆ ಹಿರಿಯ ಹೆಂಗಸು ಯಜಮಾನ್ತಿಯಾಗಿರುತ್ತಿದ್ದಳು. ಉಳಿದವರಿಗೆ ಉಣ್ಣುವ, ಉಡುವ ಹಕ್ಕಿತ್ತು. ಪಾಲು ಕೇಳುವ ಹಕ್ಕಿರಲಿಲ್ಲ. 1949ರ ಮದ್ರಾಸು ಅಳಿಯಸಂತಾನ ಶಾಸನ ಮನೆತನದ ‘ಕವರು’ಗಳಿಗೆ ಪಾಲು ಕೇಳುವ ಹಕ್ಕನ್ನು ಕೊಟ್ಟಿತು. ಕೊನೆಗೆ ಕೇರಳದ ಹಿಂದೂ ಅವಿಭಕ್ತ ಕುಟುಂಬ ಪದ್ಧತಿಯನ್ನು ರದ್ದುಗೊಳಿಸಿದ 1975ರ ಶಾಸನವು 1976ರ ದಶಂಬರ 1ರಂದು ಜಾರಿಗೆ ಬಂತು. ಅವಿಭಕ್ತ ಆಸ್ತಿ ಅಂದಿನಿಂದ ಸದಸ್ಯರ ಬೇರೆ ಬೇರೆ ಪಾಲಾಗಿ ಪರಿಗಣಿತವಾಯಿತು.

ಹೀಗೆ ಕಡತದಲ್ಲಿ ಯಜಮಾನ ಇಲ್ಲವಾದ. ಜಗಲಿಯ ಮೇಲೆ ಅವನ ಕುರ್ಚಿ ಮಾತ್ರ ಹಾಗೆಯೇ ಉಳಿಯಿತು. ಹಳೆಯ ಯಜಮಾನನಿಗೆ ಅಧಿಕಾರದ ಜತೆಗೆ ಹೊಣೆಯೂ ಇತ್ತು. ಇಪ್ಪತ್ತು ಮೂವತ್ತು ಜನರ ಹೊಟ್ಟೆ, ಬಟ್ಟೆ, ಬಾಣಂತನ, ಮದುವೆ, ಭೂತದ ಕೋಲ, ಕೋರ್ಟಿನ ವ್ಯಾಜ್ಯ ಎಲ್ಲವೂ ಅವನ ತಲೆಯ ಮೇಲೆಯೇ. ಇಂದು ನಾಲ್ಕು ಜನರ ಮನೆಯಲ್ಲಿ ಅಂಥ ಹೊಣೆ ಇಲ್ಲ. ನಾಲ್ವರಲ್ಲಿ ಮೂವರು ಸಂಪಾದಿಸುವವರೇ. ಹೊಣೆ ಹೋಯಿತು, ಗತ್ತು ಉಳಿಯಿತು. ಮಕ್ಕಳಕಟ್ಟಿನ ಮನೆಗಳೂ ಇದಕ್ಕೆ ಹೊರತಲ್ಲ. ಸಂಬಂಧದ ಹೆಸರು ಬೇರೆ, ಕುರ್ಚಿ ಒಂದೇ.

ತೋಟದ ಮನೆಗಳನ್ನೇ ನೋಡಿ. ನಲ್ವತ್ತೈದು ವರ್ಷದ ಮಗ ಬೆಳಗಾದರೆ ಅಡಿಕೆ ತೋಟದಲ್ಲಿ ದುಡಿಯುತ್ತಾನೆ. ಮಳೆಗಾಲಕ್ಕೆ ಮೊದಲು ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡಿಸಬೇಕು. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಅದನ್ನು ಅವನು ಇಪ್ಪತ್ತು ವರ್ಷದಿಂದ ಮಾಡಿಸುತ್ತಿದ್ದಾನೆ. ಹಾಗಿದ್ದರೂ ಪ್ರತಿವರ್ಷ ತಂದೆ ಕಟ್ಟೆಯ ಮೇಲೆ ನಿಂತು ಸುಣ್ಣ ಹೆಚ್ಚಾಯಿತು, ನೀರು ಕಡಿಮೆಯಾಯಿತು ಎನ್ನಬೇಕು. ಅಡಿಕೆ ಕ್ಯಾಂಪ್ಕೋಗೆ ಹಾಕಿದರೆ ಹಣ ಹೋಗುವುದು ತಂದೆಯ ಖಾತೆಗೆ. ಸ್ಕೂಟರಿನ ಪೆಟ್ರೋಲಿಗೆ ಮಗ ಕೈಚಾಚಬೇಕು. ತೋಟದ ಮನೆಯ ಹುಡುಗರಿಗೆ ಹೆಣ್ಣು ಸಿಗುವುದಿಲ್ಲವೆಂದು ನಾವೆಲ್ಲ ಮರುಗುತ್ತೇವೆ. ಹುಡುಗಿ ನೋಡುವುದು ಎಕರೆಯನ್ನು ಮಾತ್ರವೇ? ‘ಈ ಮನೆಯಲ್ಲಿ ಇವನ ಮಾತಿಗೆ ಬೆಲೆ ಇಲ್ಲದಿದ್ದರೆ ನನ್ನ ಮಾತಿಗೆಲ್ಲಿ?’ ಎಂದು ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದರೆ ತಪ್ಪೆನ್ನಲಾದೀತೇ?

ಹಿಡಿತಕ್ಕೆ ಮುಖಗಳು ಹಲವು

ಗದರಿಸುವವರು ಮಾತ್ರ ಹಿಡಿತ ಇಟ್ಟುಕೊಂಡವರೆಂದು ತಿಳಿದರೆ ತಪ್ಪಾದೀತು. ಗಟ್ಟಿಯಾಗಿ ಮಾತನ್ನೇ ಆಡದ ಮನೆಗಳಲ್ಲೂ ಹಿಡಿತ ಬಲವಾಗಿರುತ್ತದೆ. ನಮಗೆ ಕಂಡ ಕೆಲವು ಗುರುತುಗಳನ್ನು ಹೇಳುತ್ತೇವೆ. ವಾಚಕರು ಪಕ್ಕದ ಮನೆಯವರ ಮುಖವನ್ನು ನೆನಪಿಸಿಕೊಳ್ಳದೆ ತಮ್ಮನ್ನು ನೆನಪಿಸಿಕೊಂಡು ಓದಬೇಕೆಂದು ಕೋರಿಕೆ.

ಕೇಳಿದ ಪ್ರಶ್ನೆಗೆ ಇನ್ನೊಬ್ಬರ ಪರವಾಗಿ ಉತ್ತರಿಸುವುದು ಒಂದು. ಬಂದ ನೆಂಟರು ಮಗಳೊಡನೆ “ಏನು ಓದುತ್ತಿ?” ಎಂದರೆ ತಂದೆಯೇ ಉತ್ತರ ಕೊಡುತ್ತಾನೆ. ಡಾಕ್ಟರು “ಎಲ್ಲಿ ನೋವು?” ಎಂದು ಹೆಂಡತಿಯನ್ನು ಕೇಳಿದರೆ ಗಂಡ ತೋರಿಸುತ್ತಾನೆ.

ಕೆಲಸ ಒಪ್ಪಿಸಿ ಮತ್ತೆ ತಾನೇ ಮಾಡುವುದು ಇನ್ನೊಂದು. ಸೊಸೆ ಕೊದ್ದೆಲು ಮಾಡಿ ಒಲೆಯಿಂದ ಇಳಿಸಿದ್ದಾಳೆ. ಅತ್ತೆ ಬಂದು ಸೌಟಿನಲ್ಲಿ ಒಂದಿಷ್ಟು ರುಚಿ ನೋಡಿ, ಏನೂ ಹೇಳದೆ, ಒಂದು ಚಿಟಿಕೆ ಉಪ್ಪು ಹಾಕುತ್ತಾರೆ. ಒಂದು ಚಿಟಿಕೆ ಉಪ್ಪಿನಲ್ಲಿ ಏನಿದೆ ಎನ್ನಬಹುದು. ದಿನಕ್ಕೆರಡು ಬಾರಿಯಂತೆ ಹತ್ತು ವರ್ಷ ಬಿದ್ದ ಚಿಟಿಕೆಗಳನ್ನು ಸೊಸೆ ಮಾತ್ರ ಲೆಕ್ಕವಿಟ್ಟಿರುತ್ತಾಳೆ.

ಮೂರನೆಯದು ಮುನಿಸು. ಮಾತು ಬಿಡುವುದು, ಊಟ ಬಿಡುವುದು, “ನನ್ನ ಬಿ.ಪಿ. ಏರುತ್ತದೆ” ಎಂದು ಹಾಸಿಗೆ ಹಿಡಿಯುವುದು. ಇದು ಮೆತ್ತಗಿನ ಆಯುಧ, ಆದುದರಿಂದ ಗಾಯ ಕಾಣಿಸುವುದಿಲ್ಲ. ಅಮ್ಮನ ಕಣ್ಣೀರಿಗೆ ಹೆದರಿ ಮದುವೆಗೆ ಒಪ್ಪಿದವರು, ಬೇಡವಾದ ಕೆಲಸಕ್ಕೆ ಸೇರಿದವರು ನಮ್ಮ ನಡುವೆ ಎಷ್ಟು ಜನರಿಲ್ಲ?

ನಾಲ್ಕನೆಯದು ಬೇಹುಗಾರಿಕೆ. ಪ್ರಾಯಕ್ಕೆ ಬಂದ ಮಗಳ ಮೊಬೈಲು ಅವಳು ಸ್ನಾನಕ್ಕೆ ಹೋದಾಗ ತೆರೆಯುವುದು, ಹೆಂಡತಿಯ ಫೋನಿನಲ್ಲಿ ಯಾರ ಹೆಸರಿದೆಯೆಂದು ನೋಡುವುದು, ಗಂಡನ ಕಿಸೆ ತಡಕುವುದು.

ಐದನೆಯದು ಹೊಸ ಕಾಲದ್ದು. ಇದರಲ್ಲಿ ಹಿಡಿತ ಕಿರಿಯರದು. ಗಲ್ಫಿನಲ್ಲೋ ಬೆಂಗಳೂರಿನಲ್ಲೋ ಇರುವ ಮಗ ಊರಿನ ಮನೆಗೆ ಕ್ಯಾಮರಾ ಹಾಕಿಸಿದ್ದಾನೆ. ವೃದ್ಧ ತಂದೆತಾಯಿಯ ಸುರಕ್ಷೆಗಾಗಿಯೇ, ಸಂಶಯವಿಲ್ಲ. ಆದರೆ ಅಲ್ಲಿಂದ ಫೋನು ಬರುತ್ತದೆ: “ಅಪ್ಪ, ಈ ಬಿಸಿಲಿಗೆ ಅಂಗಳಕ್ಕೆ ಯಾಕೆ ಇಳಿದಿರಿ? ಅಮ್ಮ, ಆ ಹೆಂಗಸಿನ ಹತ್ತಿರ ಅಷ್ಟು ಹೊತ್ತು ಏನು ಮಾತು?” ಎಂಬತ್ತು ದಾಟಿದ ಹಿರಿಯರೊಬ್ಬರು ನಮ್ಮೊಡನೆ ಹೇಳಿದರು: “ಹಿಂದೆ ನಾನು ಅವನ ಮಾರ್ಕು ಪುಸ್ತಕ ನೋಡುತ್ತಿದ್ದೆ. ಈಗ ಅವನು ನನ್ನದು ನೋಡುತ್ತಾನೆ.” ನಗುತ್ತಲೇ ಹೇಳಿದರು, ಆದರೆ ನಗೆ ಕಣ್ಣಿನವರೆಗೆ ಬರಲಿಲ್ಲ. ನಾವು ಬಿತ್ತಿದ್ದನ್ನು ನಾವೇ ಕೊಯ್ಯುತ್ತೇವೆ ಎನ್ನಲು ಇದಕ್ಕಿಂತ ಬೇರೆ ದೃಷ್ಟಾಂತ ಬೇಕೇ?

ಸಸಿಗೆ ನೆರಳು

ಹಾಗಾದರೆ ಮನೆಯಲ್ಲಿ ಹೇಳುವವರು ಕೇಳುವವರು ಬೇಡವೇ, ಯಾರು ಏನು ಮಾಡಿದರೂ ಸುಮ್ಮನಿರಬೇಕೇ ಎಂದು ವಾಚಕರು ಕೇಳಬಹುದು. ಹಾಗಲ್ಲ. ಅಡಿಕೆ ಸಸಿ ನೆಟ್ಟವರಿಗೆ ಗೊತ್ತು. ಎಳೆಯ ಸಸಿಗೆ ಬಿಸಿಲು ತಾಗಬಾರದೆಂದು ನಡುವೆ ಬಾಳೆ ನೆಡುತ್ತೇವೆ. ಬಾಳೆಯ ನೆರಳಿಲ್ಲದಿದ್ದರೆ ಸಸಿ ಕರಟೀತು. ಮರ ಎದ್ದುನಿಂತ ಮೇಲೆ ಬಾಳೆಯನ್ನು ತೆಗೆಯುತ್ತೇವೆ. ಆಗ ಬಾಳೆಗೆ ಅವಮಾನವಾಯಿತೆಂದು ಯಾರೂ ಹೇಳುವುದಿಲ್ಲ. ಅದು ತನ್ನ ಕೆಲಸ ಮುಗಿಸಿತು.

ಅಮೆರಿಕದ ಮನಶ್ಶಾಸ್ತ್ರಜ್ಞೆ ಡಯಾನಾ ಬಾಮ್‌ರಿಂಡ್ 1960ರ ದಶಕದಲ್ಲಿ ಮಕ್ಕಳನ್ನು ಬೆಳೆಸುವ ರೀತಿಗಳನ್ನು ಮೂರಾಗಿ ವಿಂಗಡಿಸಿದರು. ಕಾರಣ ಹೇಳದೆ ಅಪ್ಪಣೆ ಮಾಡಿ ವಿಧೇಯತೆಯನ್ನು ಮಾತ್ರ ಬಯಸುವುದು ಮೊದಲನೆಯದು. ಕಟ್ಟುಪಾಡೇ ಇಲ್ಲದೆ ಬಿಟ್ಟುಬಿಡುವುದು ಎರಡನೆಯದು. ನಿಯಮಗಳನ್ನು ದೃಢವಾಗಿಟ್ಟು, ಅವುಗಳ ಕಾರಣ ತಿಳಿಸಿ, ಮಗುವಿನ ಮಾತನ್ನೂ ಕೇಳಿ, ಪ್ರೀತಿಯಿಂದ ನಡೆಸುವುದು ಮೂರನೆಯದು. ಮೂರನೆಯ ರೀತಿಯಲ್ಲಿ ಬೆಳೆದ ಮಕ್ಕಳಲ್ಲಿ ಆತ್ಮವಿಶ್ವಾಸವೂ ಸ್ವನಿಯಂತ್ರಣವೂ ಹೆಚ್ಚೆಂದು ಅವರು ಕಂಡರು. ನಮ್ಮ ಹಿರಿಯರಿಗೂ ಇದು ತಿಳಿಯದ ವಿಷಯವಲ್ಲ. ಮಗನಿಗೆ ಹದಿನಾರು ತುಂಬಿದ ಮೇಲೆ ಗೆಳೆಯನಂತೆ ಕಾಣಬೇಕೆಂದು ಸುಭಾಷಿತವೇ ಹೇಳಿದೆ. ಸುಭಾಷಿತವನ್ನು ಬಾಯಿಪಾಠ ಮಾಡಿಸಿದ್ದೇವೆ, ಗೆಳೆತನವನ್ನು ಮುಂದೂಡಿದ್ದೇವೆ.

ಐದು ವರ್ಷದ ಮಗು ಬಾವಿಯ ಕಟ್ಟೆ ಹತ್ತಿದರೆ ಎಳೆದು ಇಳಿಸಲೇಬೇಕು. ಹದಿನೈದರ ಹುಡುಗ ಲೈಸನ್ಸಿಲ್ಲದೆ ಬೈಕು ಹತ್ತಿದರೆ ತಡೆಯಲೇಬೇಕು. ಇದು ಕಾವಲು. ಇಪ್ಪತ್ತೆರಡರ ಮಗಳು ಯಾವ ಬಣ್ಣದ ಚೂಡಿದಾರ ಹಾಕಬೇಕು, ಯಾವ ಗೆಳತಿಯ ಮದುವೆಗೆ ಹೋಗಬೇಕು, ಯಾರನ್ನು ಮದುವೆಯಾಗಬೇಕು ಎಂಬುದನ್ನು ನಾವೇ ನಿರ್ಣಯಿಸಿದರೆ ಅದು ಹಿಡಿತ. ಕಾವಲಿಗೆ ಒಂದು ಕೊನೆ ಇದೆ. ಅಪಾಯ ದಾಟಿದೊಡನೆ ಅದು ಮುಗಿಯುತ್ತದೆ. ಹಿಡಿತಕ್ಕೆ ಕೊನೆ ಇಲ್ಲ.

ಹಿಡಿತದ ಹಿಂದೆ ಇರುವುದು ಭಯ. ನಮ್ಮಂಥ ಅಲ್ಪಸಂಖ್ಯಾತ ಮನೆಗಳಲ್ಲಿ ಆ ಭಯ ಇಮ್ಮಡಿ. ಮಗ ಕನ್ನಡ ಮರೆತಾನು, ಮಗಳು ಬೇರೆ ಭಾಷೆಯ ಮನೆಗೆ ಹೋದಾಳು, ಮೊಮ್ಮಕ್ಕಳಿಗೆ ಅಜ್ಜನ ಪುಸ್ತಕದ ಕಪಾಟು ಬರೀ ಕಾಗದವಾದೀತು. ಈ ಭಯ ಸುಳ್ಳೆಂದು ನಾವು ಹೇಳುವುದಿಲ್ಲ. ಭಯದಿಂದ ಬಿಗಿ ಹಿಡಿದದ್ದು ಮಾತ್ರ ಉಳಿಯುವುದಿಲ್ಲ ಎನ್ನುತ್ತೇವೆ. ದಂಡ ತೆತ್ತು ಕಲಿತ ಭಾಷೆಯಲ್ಲಿ ಯಾವ ಮಗುವೂ ತನ್ನ ಗುಟ್ಟು ಹೇಳುವುದಿಲ್ಲ.

ನಮ್ಮ ಮನೆಯದೇ ಸಂಗತಿ

ಪರರ ಮನೆಯ ಕಥೆ ಸಾಕು. ನಮ್ಮ ಮಗಳು ಪದವಿ ಮುಗಿಸಿದಾಗ ಅವಳು ಬಿ.ಎಡ್. ಮಾಡಿ ಕನ್ನಡ ಅಧ್ಯಾಪಿಕೆಯಾಗಬೇಕೆಂದು ನಾವು ತೀರ್ಮಾನಿಸಿದೆವು. ಊರಿನಲ್ಲೇ ಇರಬಹುದು, ಕನ್ನಡಕ್ಕೂ ಒಬ್ಬ ಟೀಚರು ಸಿಕ್ಕಂತಾಯಿತು, ನಮ್ಮ ಮುದಿತನಕ್ಕೂ ಆಸರೆ. ಒಂದೇ ಕಲ್ಲಿಗೆ ಮೂರು ಮಾವಿನಕಾಯಿ! ಅರ್ಜಿ ತಂದೆವು. ಕೈಬರಹ ಚೆನ್ನಾಗಿರಲೆಂದು ನಾವೇ ತುಂಬಿಸಿದೆವು. ಹೆಸರು, ವಿಳಾಸ, ಅಂಕ, ಆಯ್ಕೆಯ ವಿಷಯ ಎಲ್ಲವನ್ನೂ ಬರೆದು ಮೇಜಿನ ಮೇಲಿಟ್ಟು ಅವಳನ್ನು ಕರೆದೆವು. ಅವಳು ಕಾಗದವನ್ನು ಎತ್ತಿ ಎರಡೂ ಬದಿ ನೋಡಿದಳು. “ಸಹಿಯ ಜಾಗ ಒಂದನ್ನು ನನಗೆ ಬಿಟ್ಟಿದ್ದೀರಲ್ಲ, ಅಪ್ಪ” ಎಂದಳು. ಕೋಪವಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಅದರಿಂದಲೇ ಹೆಚ್ಚು ಚುಚ್ಚಿತು.

ಅವಳು ಸಹಿ ಹಾಕಿದಳು. ಕೋರ್ಸಿಗೂ ಸೇರಿದಳು. ನಾಲ್ಕು ತಿಂಗಳು ದಿನವೂ ಬಸ್ಸಿನಲ್ಲಿ ಹೋಗಿ ಬಂದಳು. ತೆಳ್ಳಗಾದಳು, ಪುಸ್ತಕ ತೆರೆಯಲಿಲ್ಲ. ಒಂದು ಸಂಜೆ ಮನೆಯಾಕೆ ನಮ್ಮನ್ನು ಬದಿಗೆ ಕರೆದು “ಅವಳನ್ನು ಒಮ್ಮೆ ಕೇಳಿ ನೋಡಿ. ಕೇಳಿ ಆದ ಮೇಲೆ ನೀವು ಮಾತಾಡಬೇಡಿ” ಎಂದಳು. ಕೇಳಿದೆವು. ಬಾಯಿ ಮುಚ್ಚಿ ಕುಳಿತಿರುವುದು ನಮ್ಮಂಥ ಬರೆಯುವವರಿಗೆ, ಮಾತಾಡುವವರಿಗೆ ಎಷ್ಟು ಕಷ್ಟವೆಂದು ಅಂದು ತಿಳಿಯಿತು. ಗೋಡೆಯ ಗಡಿಯಾರದ ಸದ್ದು ಕೇಳುತ್ತಿತ್ತು. ತುಂಬ ಹೊತ್ತಿನ ಮೇಲೆ ಅವಳು ತನಗೆ ಲೆಕ್ಕಪತ್ರದ ಕೆಲಸ ಇಷ್ಟವೆಂದೂ, ಮಂಗಳೂರಿನಲ್ಲಿ ಅದನ್ನು ಕಲಿಯಬೇಕೆಂದೂ ಹೇಳಿದಳು. ಕಾಲೇಜಿನ ಎರಡನೆಯ ವರ್ಷದಿಂದಲೇ ಆ ಆಸೆ ಇತ್ತಂತೆ. ಒಂದೇ ಮಾಡಿನ ಕೆಳಗಿದ್ದೂ ನಮಗದು ಗೊತ್ತಿರಲಿಲ್ಲ; ನಾವು ಕೇಳಿರಲಿಲ್ಲ.

ಅವಳು ಹೋದಳು. ಎಲ್ಲವೂ ಸುಖಾಂತವಾಯಿತೆಂದು ಬರೆದರೆ ಸುಳ್ಳಾದೀತು. ಮೊದಲ ಪರೀಕ್ಷೆಯಲ್ಲಿ ಒಂದು ವಿಷಯ ಬಾಕಿಯಾಯಿತು. “ನಾವು ಆಗಲೇ ಹೇಳಿದ್ದೆವು” ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ನುಂಗಿದೆವು. ಆ ಒಂದು ಮಾತನ್ನು ನುಂಗಿದ್ದು ನಮ್ಮ ಗೃಹಸ್ಥ ಜೀವನದ ದೊಡ್ಡ ಸಾಧನೆಗಳಲ್ಲಿ ಒಂದೆಂದು ಈಗ ಅನಿಸುತ್ತದೆ. ಬಾಕಿಯಾದ ವಿಷಯವನ್ನು ಅವಳು ಮತ್ತೆ ಬರೆದು ತೇರ್ಗಡೆಯಾದಳು. ಈಗ ವಾರಕ್ಕೆರಡು ಬಾರಿ ತಾನಾಗಿಯೇ ಫೋನು ಮಾಡುತ್ತಾಳೆ. ಹಿಂದೆ ಮನೆಯಲ್ಲೇ ಇದ್ದಾಗ ಅಷ್ಟು ಮಾತು ಆಡುತ್ತಿರಲಿಲ್ಲ.

ಬಿಡುವ ಅಭ್ಯಾಸ

ಹಿಡಿಯುವುದು ಅಭ್ಯಾಸವಾದಂತೆ ಬಿಡುವುದನ್ನೂ ಅಭ್ಯಾಸ ಮಾಡಬೇಕು. ಅದು ಒಂದು ದಿನದಲ್ಲಿ ಬರುವುದಿಲ್ಲ. ನಮಗೆ ಉಪಯೋಗಕ್ಕೆ ಬಂದ ಕೆಲವು ಉಪಾಯಗಳು ಇಲ್ಲಿವೆ.

ಒಂದು ವಾರ ಏನನ್ನೂ ಬದಲಿಸಬೇಡಿ. ಲೆಕ್ಕ ಮಾತ್ರ ಇಡಿ. ‘ಬೇಡ’, ‘ಹಾಗಲ್ಲ’, ‘ನಾನು ಹೇಳಿದೆನಲ್ಲ’ ಎಂದು ದಿನಕ್ಕೆಷ್ಟು ಬಾರಿ ಹೇಳುತ್ತೀರಿ ಎಂದು ಕ್ಯಾಲೆಂಡರಿನ ಬದಿಯಲ್ಲಿ ಗೀಟು ಹಾಕಿ. ನಾವು ಮೊದಲ ದಿನ ಮಧ್ಯಾಹ್ನಕ್ಕೇ ಗೀಟು ಹಾಕುವುದನ್ನು ನಿಲ್ಲಿಸಿದೆವು, ಜಾಗ ಸಾಲಲಿಲ್ಲ.

ಬಳಿಕ ಪ್ರತಿ ಸಂಗತಿಗೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದರ ಫಲ ಉಣ್ಣುವವರು ಯಾರು? ಮನೆಯ ಸಾಲ, ತೋಟದ ನೀರು, ಹಿರಿಯರ ಔಷಧಿಯ ಖರ್ಚು ಎಲ್ಲರಿಗೂ ಸೇರಿದ್ದು. ಎಲ್ಲರೂ ಕುಳಿತು ಮಾತಾಡಿ ತೀರ್ಮಾನಿಸಲಿ. ಓದು, ಉದ್ಯೋಗ, ಮದುವೆ, ಗೆಳೆತನಗಳ ಫಲವನ್ನು ಉಣ್ಣುವವರು ಅವರವರೇ. ಅಲ್ಲಿ ನಮ್ಮದು ಸಲಹೆ ಮಾತ್ರ. ಅದೂ ಒಂದು ಸಲ.

ಯಾವುದಾದರೂ ಒಂದನ್ನು ಪೂರ್ತಿಯಾಗಿ ಬಿಟ್ಟುಕೊಡಿ. ಅರ್ಧ ಬಿಟ್ಟರೆ ಜಗಳ ಹೆಚ್ಚುತ್ತದೆ. ತೋಟದ ಒಂದು ಬದಿಯನ್ನು ಮಗನಿಗೆ ಒಪ್ಪಿಸಿ. ಅಲ್ಲಿಯ ಖರ್ಚೂ ಅವನದು, ಉತ್ಪತ್ತಿಯೂ ಅವನದು, ನಷ್ಟವೂ ಅವನದು. ಮದ್ದು ಬಿಡುವ ದಿನ ನೀವು ಪೇಟೆಗೆ ಹೋಗಿ. ಒಂದು ತಿಂಗಳಿನ ಮನೆಖರ್ಚಿನ ಹಣ ಸೊಸೆಯ ಕೈಗೆ ಕೊಟ್ಟು ಲೆಕ್ಕ ಕೇಳಬೇಡಿ. ಉಪ್ಪಿನ ಭರಣಿಯಿಂದ ಎರಡು ಮಾರು ದೂರ ಕುಳಿತುಕೊಳ್ಳಿ.

ಕೈ ತುರಿಸುತ್ತದೆ, ನಿದ್ದೆ ಬರುವುದಿಲ್ಲ, ಅದು ಸಹಜ. ಇಷ್ಟು ವರ್ಷ ಹೊತ್ತ ಹೊರೆಯನ್ನು ಇಳಿಸಿದಾಗ ಹೆಗಲಿಗೆ ಕೂಡಲೇ ಆರಾಮ ಸಿಗುವುದಿಲ್ಲ. ಆ ಹೊತ್ತಿಗೆ ಮಾಡಲು ಸ್ವಂತದ್ದೊಂದು ಕೆಲಸವಿರಲಿ: ಭಜನೆ, ತಾಳಮದ್ದಳೆ, ವಾಚನಾಲಯ, ಹಳೆಯ ಗೆಳೆಯನ ಮನೆ. ಸ್ವಂತ ಬದುಕು ಬರಿದಾದವರೇ ಇತರರ ಬದುಕನ್ನು ಹೆಚ್ಚು ನೋಡುವುದು.

ಜಾರಿದರೆ ಒಪ್ಪಿಕೊಳ್ಳಿ. “ಮತ್ತೆ ನಾನೇ ನಿರ್ಧರಿಸಿಬಿಟ್ಟೆ, ತಪ್ಪಾಯಿತು” ಎಂದು ತಂದೆ ಮಗನೊಡನೆ ಹೇಳಿದರೆ ತಂದೆಯ ಗೌರವ ಕುಗ್ಗುವುದಿಲ್ಲ. ಮಗನೂ ಮುಂದೆ ತನ್ನ ಮಗನೊಡನೆ ಹಾಗೆ ಹೇಳಲು ಕಲಿಯುತ್ತಾನೆ.

ಒಂದು ಎಚ್ಚರಿಕೆ. “ಇನ್ನು ನಾನು ಏನೂ ಹೇಳುವುದಿಲ್ಲ, ಏನು ಬೇಕಾದರೂ ಮಾಡಿಕೊಳ್ಳಿ” ಎಂದು ಬಾಗಿಲು ಹಾಕಿಕೊಳ್ಳುವುದು ಬಿಡುವುದಲ್ಲ. ಅದು ಮುನಿಸಿನ ಇನ್ನೊಂದು ರೂಪ. ಬಿಟ್ಟುಕೊಡುವುದು ಬೇರೆ, ಕೈಬಿಡುವುದು ಬೇರೆ. ಬಿಟ್ಟುಕೊಟ್ಟವರು ಪಕ್ಕದಲ್ಲೇ ಇರುತ್ತಾರೆ. ಕರೆದಾಗ ಬರುತ್ತಾರೆ, ಬಿದ್ದಾಗ ಎತ್ತುತ್ತಾರೆ.

ಅಭ್ಯಾಸವಲ್ಲ, ಅಪರಾಧ

ಇಷ್ಟು ಹೊತ್ತು ಹೇಳಿದ್ದು ಒಳ್ಳೆಯ ಮನಸ್ಸಿನವರ ದುರಭ್ಯಾಸವನ್ನು ಕುರಿತು. ಹೊಡೆತ, ಬೆದರಿಕೆ, ಕೋಣೆಯಲ್ಲಿ ಕೂಡಿಹಾಕುವುದು, ದುಡಿದ ಸಂಬಳವನ್ನೆಲ್ಲ ಕಸಿದುಕೊಳ್ಳುವುದು ಇವು ಅಭ್ಯಾಸಗಳಲ್ಲ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯಿದೆಯು ಮೈಗೆ ಆದ ಪೆಟ್ಟನ್ನು ಮಾತ್ರವಲ್ಲ, ಮಾತಿನ ಹಾಗೂ ಮಾನಸಿಕ ಹಿಂಸೆಯನ್ನೂ, ಹಣ ಮತ್ತು ಮನೆಯ ಸೌಕರ್ಯ ಸಿಗದಂತೆ ಮಾಡುವ ಆರ್ಥಿಕ ಹಿಂಸೆಯನ್ನೂ ಹಿಂಸೆಯೆಂದೇ ಪರಿಗಣಿಸುತ್ತದೆ. ವೃದ್ಧ ತಂದೆತಾಯಿಯ ಪೋಷಣೆಗೆ 2007ರ ಕಾಯಿದೆ ಇದೆ. ಇಂಥ ಮನೆಯಲ್ಲಿರುವವರು ತಾಳ್ಮೆಯ ಉಪದೇಶ ಕೇಳುತ್ತ ಕೂರಬೇಕಾಗಿಲ್ಲ. ಹೆಂಗಸರಿಗೆ 181, ಮಕ್ಕಳಿಗೆ 1098, ಹಿರಿಯರಿಗೆ 14567, ತುರ್ತಿಗೆ 112, ಈ ದೂರವಾಣಿ ಸಂಖ್ಯೆಗಳನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಡಿ.

ಬಾಟಲಿಯ ಕಥೆ ಮುಗಿದದ್ದು

ಮಾಸ್ತರರ ಮನೆಗೆ ಮರಳೋಣ. ಒಂದು ದಿನ ಅವರಿಗೆ ಸರಕಾರಿ ಕಚೇರಿಯೊಂದರಿಂದ ಜಾಗದ ವಿಚಾರವಾಗಿ ನೋಟೀಸು ಬಂತು. ಪೂರ್ತಿ ಮಲಯಾಳ. ಹದಿನೈದು ದಿನದೊಳಗೆ ಏನೋ ಮಾಡಬೇಕೆಂದಿದೆ, ಏನೆಂದು ತಿಳಿಯದು. ಮಗ ಊರಿನಲ್ಲಿರಲಿಲ್ಲ. ಕನ್ನಡದಲ್ಲಿ ಕಳುಹಿಸಿ ಎಂದು ಅವರು ಕಚೇರಿಗೆ ಪತ್ರ ಬರೆದರು, ಬರೆಯಬೇಕಾದದ್ದೇ. ಆದರೆ ದಿನ ಸರಿಯುತ್ತಿತ್ತು. ಎರಡು ದಿನ ನೋಟೀಸನ್ನು ಕಿಸೆಯಲ್ಲಿಟ್ಟುಕೊಂಡು ತಿರುಗಿ, ಮೂರನೆಯ ರಾತ್ರಿ ಊಟದ ಮನೆಯಲ್ಲಿ ಅದನ್ನು ಮೊಮ್ಮಗನ ಎಲೆಯ ಪಕ್ಕದಲ್ಲಿಟ್ಟರು. “ಇದರಲ್ಲಿ ಏನುಂಟು, ಸ್ವಲ್ಪ ಓದಿ ಹೇಳು ಮಗಾ” ಎಂದರು.

ಹುಡುಗ ಕೈ ತೊಳೆದು ಬಂದು ಕಾಗದ ಬಿಡಿಸಿದ. ಮಲಯಾಳದಲ್ಲಿ ಒಂದು ಸಾಲು ಓದಿ ನಿಲ್ಲಿಸಿದ; ಗೂಡಿನ ಬಾಟಲಿಯನ್ನೊಮ್ಮೆ ನೋಡಿದ. ಮಾಸ್ತರರೂ ನೋಡಿದರು. ಎದ್ದುಹೋಗಿ ಬಾಟಲಿ ತಂದು ಅದರೊಳಗಿನ ಮೂವತ್ತು ರೂಪಾಯಿಯನ್ನು ಹುಡುಗನ ಮುಂದೆ ಸುರಿದರು. “ಇದು ನಿನ್ನದೇ. ಓದು” ಎಂದರು. ಅವನು ಓದಿದ. ಪ್ರತಿ ಸಾಲನ್ನೂ ಕನ್ನಡದಲ್ಲಿ ಹೇಳುತ್ತ ಹೋದ. ನಡುನಡುವೆ ತಡವರಿಸಿ “ಅಜ್ಜ, ಇದಕ್ಕೆ ಕನ್ನಡದಲ್ಲಿ ಏನು ಹೇಳುವುದು?” ಎಂದು ಕೇಳಿದ. ‘ತಕರಾರು’, ‘ಪಹಣಿ’, ‘ಗಡಿಗುರುತು’ ಎಂದು ಅಜ್ಜ ಒಂದೊಂದೇ ಶಬ್ದ ಕೊಡುತ್ತ ಹೋದರು. ದಂಡ ಹಾಕಿ ಮೂರು ತಿಂಗಳಲ್ಲಿ ಕಲಿಸಲಾಗದ ಕನ್ನಡವನ್ನು ಆ ಹುಡುಗ ತಾನಾಗಿ ಕೇಳಿ ಕಲಿತದ್ದು ಅಂದು.

ಆ ಹುಡುಗ ಕನ್ನಡದ ಸಾಹಿತಿಯಾದನೆಂದು ನಾವು ಹೇಳುವುದಿಲ್ಲ. ಈಗಲೂ ಗೆಳೆಯರೊಡನೆ ಮಲಯಾಳದಲ್ಲೇ ಮಾತು. ಆದರೆ ಊಟದ ಮನೆಯಲ್ಲಿ ಮಾತು ಮರಳಿ ಬಂದಿದೆ. ತುಳು, ಕನ್ನಡ, ನಡುವೆ ಒಂದಿಷ್ಟು ಮಲಯಾಳ. ಮೊನ್ನೆ ನಾವು ಹೋದಾಗ ಹಾರ್ಲಿಕ್ಸ್ ಬಾಟಲಿ ಗೂಡಿನಲ್ಲಿರಲಿಲ್ಲ. ಸೊಸೆ ಅದರಲ್ಲಿ ಮಿಡಿ ಉಪ್ಪಿನಕಾಯಿ ಹಾಕಿಟ್ಟಿದ್ದಳು.